ಬಣ್ಣದ ನೀರಿಗೆ ಲಿಗ್ನೈಟ್ ಹಾಕಿ ನೋಡಿದೆ

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವುದು ನಮ್ಮ ಕೆಲಸ. ಎರಡು ಹಂಡೆ, ನಾಲ್ಕು ಜನ, ಅಷ್ಟೇ. ರಾಣಿ ಬಣ್ಣ ಹಾಕಿದ ದಿನ ಚರಂಡಿಯೆಲ್ಲ ಕೆಂಪು. "ಏನಪ್ಪಾ, ನಿಮ್ಮನೇಲಿ ದಿನಾ ಓಕುಳಿನಾ?" ಅಂತ ಪಕ್ಕದ ಮನೆ ಅಜ್ಜಿ ಕೇಳಿದಾಗ ನಾಚಿಕೆಯಾಯಿತು.

ನೀರಿನ ಬಣ್ಣ ಹೀರಿಕೊಳ್ಳುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಅದರ ದರ ಕೇಳಿ ಸುಮ್ಮನಾದೆ. ಆಮೇಲೆ ಅದರ ಬದಲಿಗೆ ದಾವಣಗೆರೆಯ ವ್ಯಾಪಾರಿಯೊಬ್ಬರಿಂದ ತಮಿಳುನಾಡಿನ ನೈವೇಲಿ ಲಿಗ್ನೈಟ್ ಎರಡು ಮೂಟೆ ತಂದೆ. ಕಂದು ಬಣ್ಣದ, ಬೇಗ ಪುಡಿಯಾಗುವ ಕಲ್ಲಿದ್ದಲು. ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ! ನೆರಳಲ್ಲಿ ಒಣಗಿಸಿ, ಕುಟ್ಟಿ, ರವೆಯಷ್ಟು ದಪ್ಪಕ್ಕೆ ಜರಡಿ ಹಿಡಿದೆ. ತೀರಾ ನುಣ್ಣಗಾದರೆ ತಳಕ್ಕೆ ಕೂರುವುದೇ ಇಲ್ಲ. ಒಣಗಿದ್ದನ್ನು ಗುಡ್ಡೆ ಹಾಕಿಡಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು.

ಮೊದಲ ಸಲ ಪೂರ್ತಿ ಕೆಟ್ಟಿತು. ನೂಲಿನ ಅಂಟು ಬಿಡಿಸಲು ಸೋಪು, ಸೋಡಾ ಹಾಕಿ ಬೇಯಿಸಿದ ನೀರನ್ನೂ ಬಣ್ಣದ ನೀರನ್ನೂ ಒಂದೇ ಡ್ರಮ್ಮಿಗೆ ಸುರಿದಿದ್ದೆ. ಲಿಗ್ನೈಟ್ ಹಾಕಿ ಕಲಕಿದರೆ ಬಣ್ಣ ಹೋಗುವುದಿರಲಿ, ನೀರು ಕಾಫಿ ಡಿಕಾಕ್ಷನ್ ಆಯಿತು. ಲಿಗ್ನೈಟಿನಲ್ಲಿ ಹ್ಯೂಮಿಕ್ ಆಸಿಡ್ ಇರುತ್ತದೆ. ಸೋಡಾ ನೀರು ಸಿಕ್ಕರೆ ಅದು ಕರಗಿ ಕಂದು ಬಿಡುತ್ತದೆ. ನಾವು ರೇಷ್ಮೆಗೆ ಹಾಕುವುದು ಆಸಿಡ್ ಬಣ್ಣ. ಅದು ಕಲ್ಲಿದ್ದಲಿಗೆ ಹಿಡಿಯಬೇಕಾದರೂ ನೀರು ಹುಳಿ ಇರಬೇಕು. ನೂಲಿಗೆ ಬಣ್ಣ ಹಿಡಿಸಲು ಆಸಿಡ್ ಹಾಕುತ್ತೇವಲ್ವಾ, ಹಾಗೇ. ಇಷ್ಟು ವರ್ಷ ಹಂಡೆ ಮುಂದೆ ನಿಂತವನಿಗೆ ಇದು ಹೊಳೆಯಬೇಕಿತ್ತು.

ಈಗ ಎರಡೂ ನೀರು ಬೇರೆ ಬೇರೆ. ಬಣ್ಣದ ನೀರು ಆರಿದ ಮೇಲೆ ಹುಳಿ ಎಷ್ಟಿದೆ ಅಂತ ನೋಡಲು ಪಿಎಚ್ ಪೇಪರ್ ಅದ್ದುತ್ತೇನೆ. 4ರ ಆಸುಪಾಸು ಇದ್ದರೆ ಸರಿ. 200 ಲೀಟರ್ ಡ್ರಮ್ಮಿಗೆ 4 ಕೆಜಿ ಪುಡಿ. ಎರಡು ಗಂಟೆ ಆಗಾಗ ಕಲಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ನೀರನ್ನು ಮರಳಿನಲ್ಲಿ ಸೋಸುತ್ತೇನೆ. ಪುಡಿಯನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಹಳೇ ಪುಡಿಗೆ ಹೊಸ ನೀರು, ಅಲ್ಲಿ ಅರ್ಧ ತಿಳಿಯಾದ ನೀರಿಗೆ ಹೊಸ ಪುಡಿ. ಇದರಿಂದ ಲಿಗ್ನೈಟ್ ಎಷ್ಟೋ ಉಳಿಯಿತು. ಸುಣ್ಣ ಹಾಕಿ ಹುಳಿ ಮುರಿಯುವುದು ಕೊನೆಗೆ, ಪುಡಿ ಪೂರ್ತಿ ಸೋಸಿದ ಮೇಲೆ ಮಾತ್ರ.

ರಾಣಿ ಬಣ್ಣದ ನೀರು ತೆಳು ಗುಲಾಬಿಗೆ ಬರುತ್ತದೆ. ಕಡುನೀಲಿ ಮಾತ್ರ ಮೊಂಡ, ಮೂರನೇ ಡ್ರಮ್ ಬೇಕು. ನೀರಲ್ಲಿ ಕರಗಿರುವ ಉಪ್ಪಂತೂ ಇಳಿಯುವುದೇ ಇಲ್ಲ, ಹಾಗಾಗಿ ಆ ನೀರನ್ನು ಗಿಡಕ್ಕೆ ಬಿಡುವುದಿಲ್ಲ. ಬಳಸಿದ ಪುಡಿಯನ್ನು ತಿಪ್ಪೆಗೂ ಹಾಕುವಂತಿಲ್ಲ, ಬಣ್ಣವೆಲ್ಲ ಅದರಲ್ಲೇ ಇದೆಯಲ್ಲ. ಅಪಾಯದ ತ್ಯಾಜ್ಯ ತಗೊಳ್ಳುವವರ ಗಾಡಿ ಇಷ್ಟು ಸ್ವಲ್ಪಕ್ಕೆ ಬರುವುದಿಲ್ಲವಂತೆ. ಒಂಬತ್ತು ಮೂಟೆ ಶೆಡ್ಡಿನಲ್ಲೇ ಕೂತಿವೆ. ಪಕ್ಕದ ಬೀದಿಯ ಇಬ್ಬರು ಬಣ್ಣದವರೂ ಶುರುಮಾಡಿದರೆ ಒಂದು ಲೋಡ್ ಆಗುತ್ತದೆ ಅಂತ ಅವರ ಹಿಂದೆ ಬಿದ್ದಿದ್ದೇನೆ.