ಗೇಮ್‌ಬಾಯ್‌ನಲ್ಲಿ ಮಿಶ್ರಛಾಪು

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ ಹಳೇ ಬೂದು ಗೇಮ್‌ಬಾಯ್‌ನಲ್ಲಿ ಕರ್ನಾಟಕ ಸಂಗೀತ ಮಾಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು "ಮೊಬೈಲಲ್ಲಿ ಆಗಲ್ವಾ?" ಅಂತ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಅಲ್ಲಿ ಎಷ್ಟು ಟ್ರ್ಯಾಕ್ ಬೇಕಾದರೂ ಸೇರಿಸಬಹುದು. ನಾನು ಸೇರಿಸುತ್ತಲೇ ಹೋಗುತ್ತೇನೆ, ಹಾಡು ಮುಗಿಯುವುದೇ ಇಲ್ಲ. ಗೇಮ್‌ಬಾಯ್‌ನಲ್ಲಿ ಇರುವುದು ನಾಲ್ಕೇ ಚಾನೆಲ್. ಒಂದೊಂದರಲ್ಲೂ ಒಂದು ಸಲಕ್ಕೆ ಒಂದೇ ದನಿ: ಸ್ವರಕ್ಕೆ ಎರಡು ಪಲ್ಸ್, ನಾವೇ ಬರೆದ ಅಲೆಗೆ ಒಂದು ವೇವ್, ಏಟಿನ ಸದ್ದಿಗೆ ಒಂದು ನಾಯ್ಸ್. ಅಷ್ಟರಲ್ಲೇ ಸಂಸಾರ ತೂಗಿಸಬೇಕು.

ನಾವು ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ಗೇಮ್‌ಬಾಯ್ ನೋಡಿದವರೇ ಇರಲಿಲ್ಲ. ಜಾತ್ರೆ ಅಂಗಡಿಯ ಬ್ರಿಕ್ ಗೇಮ್ ಇತ್ತು, ಟೀವಿಗೆ ಚುಚ್ಚುವ ನಕಲಿ ಕನ್ಸೋಲ್ ಇತ್ತು. ಹಾಗಾಗಿ ನನಗೆ ಇದು ಬಾಲ್ಯದ ನೆನಪೇನೂ ಅಲ್ಲ. ದೊಡ್ಡವನಾದ ಮೇಲೆ, ಇದರಲ್ಲಿ ಯಾರೋ ಸಂಗೀತ ನುಡಿಸುವುದನ್ನು ಕೇಳಿ ಹುಚ್ಚು ಹಿಡಿಯಿತು. ಹೊರದೇಶದಲ್ಲಿರುವ ಅಣ್ಣನಿಗೆ ಹೇಳಿ ಒಂದು ಸೆಕೆಂಡ್‌ಹ್ಯಾಂಡ್ ತರಿಸಿದೆ. 1989ರ ಮೊದಲ ಮಾದರಿಯೇ ಬೇಕು ಅಂತ ಪಟ್ಟು ಹಿಡಿದೆ. ಆಮೇಲೆ ಬಂದ ಕಲರ್ ಮಾದರಿಗಿಂತ ಇದರ ತಗ್ಗು ಸ್ವರಕ್ಕೆ ತೂಕ ಜಾಸ್ತಿ.

ಬಂದದ್ದರ ಪರದೆಯಲ್ಲಿ ಮೇಲಿಂದ ಕೆಳಕ್ಕೆ ಹೋಗುವ ಕೆಲವು ಗೆರೆಗಳು ಮಾಯವಾಗಿದ್ದವು. ಈ ಮಾದರಿಗೆ ಇದು ನೆಗಡಿ ಇದ್ದ ಹಾಗೆ, ಬರುವುದೇ. ತಲೆಯಲ್ಲಿ ಮೂರು ಸೀಳಿರುವ ಸ್ಕ್ರೂಗಳನ್ನು ಬಿಚ್ಚಿದರೆ ಒಳಗೆ ಎರಡು ಬೋರ್ಡ್ ಸಿಗುತ್ತವೆ. ಪರದೆಯ ಕೆಳಗಂಚಿನಲ್ಲಿ ಒಂದು ತೆಳ್ಳನೆ ರಿಬ್ಬನ್ ಕೇಬಲ್ ಅಂಟಿಕೊಂಡಿರುತ್ತದೆ. ಕಾಲಕ್ರಮೇಣ ಆ ಅಂಟು ಸಡಿಲವಾಗಿ ಸಂಪರ್ಕ ತಪ್ಪುತ್ತದೆ. ಕನ್ಸೋಲ್ ಆನ್ ಇಟ್ಟುಕೊಂಡು, ಸೋಲ್ಡರಿಂಗ್ ಐರನ್ನಿನ ಬಿಸಿ ತುದಿಯನ್ನು ಆ ರಿಬ್ಬನ್ ಮೇಲೆ ಮೆಲ್ಲಗೆ ಒತ್ತಿ ಎಳೆದರೆ ಗೆರೆಗಳು ಒಂದೊಂದಾಗಿ ವಾಪಸ್ ಬರುತ್ತವೆ. ಐರನ್ ಒಂದೇ ಕಡೆ ನಿಲ್ಲಬಾರದು, ಅಷ್ಟೇ. ಅಡ್ಡಗೆರೆ ಹೋಗಿದ್ದರೆ ಮಾತ್ರ ಪಕ್ಕದ ರಿಬ್ಬನ್ನಿಗೆ ಕೈ ಹಾಕಬೇಕು. ಅದು ಕೈಕೊಡುವುದೇ ಜಾಸ್ತಿ, ನಾನು ಆ ತಂಟೆಗೆ ಹೋಗುವುದಿಲ್ಲ.

ಮುಂದಿನದು ಸೌಂಡ್. ಹೆಡ್‌ಫೋನ್ ತೂತಿಗೆ ದನಿ ತಲುಪುವ ಮುಂಚೆ ಒಳಗಿನ ಪುಟ್ಟ ಆಂಪ್ಲಿಫೈಯರ್ ದಾಟಿ ಬರುತ್ತದೆ. ಆಟಕ್ಕೆ ಅದು ಸಾಕು. ದೊಡ್ಡ ಸ್ಪೀಕರಿಗೆ ಹಾಕಿದರೆ ಹಿಂದೆ ಒಂದು ಗುಯ್‌ಗುಟ್ಟುವ ಸದ್ದು ಎದ್ದು ಕೇಳುತ್ತದೆ. ಅದಕ್ಕೆ ವಾಲ್ಯೂಮ್ ಚಕ್ರದ ಹತ್ತಿರವೇ, ಆಂಪ್ಲಿಫೈಯರಿಗೆ ಹೋಗುವ ಮುಂಚೆಯೇ ಸಿಗ್ನಲ್ ತೆಗೆದುಕೊಳ್ಳಬೇಕು. ಈ ಮಾರ್ಪಾಡಿಗೆ ಪ್ರೋ ಸೌಂಡ್ ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸ್ಟೀರಿಯೋ ಜಾಕ್, ಒಂದು ಮೊಳ ಶೀಲ್ಡೆಡ್ ವೈರ್ ತಂದೆ. ಮಲ್ಟಿಮೀಟರಿನ ಬೀಪ್ ಕೇಳಿಕೊಂಡು ಚಕ್ರದ ಕಾಲುಗಳಲ್ಲಿ ಗ್ರೌಂಡ್ ಯಾವುದು ಅಂತ ಗುರುತಿಸಿದೆ. ಎಡ, ಬಲ, ಗ್ರೌಂಡ್, ಮೂರೂ ವೈರ್ ಬೆಸೆದು, ಕೆಳಗೆ ಡ್ರಿಲ್ ಮಾಡಿ ಜಾಕ್ ಕೂರಿಸಿದೆ. ಹೊಸ ಜಾಕಿನಿಂದ ಬರುವ ದನಿ ಸಣ್ಣದು, ವಾಲ್ಯೂಮ್ ಚಕ್ರದ ಮಾತನ್ನೂ ಕೇಳುವುದಿಲ್ಲ. ಮಿಕ್ಸರಿನಲ್ಲಿ ಏರಿಸಿಕೊಳ್ಳಬೇಕು. ಆದರೆ ಶುದ್ಧವಾಗಿರುತ್ತದೆ.

ಇನ್ನು ಸಂಗೀತ ಬರೆಯುವ ಸಾಫ್ಟ್‌ವೇರ್. ಜರ್ಮನಿಯ ಒಲಿವರ್ ವಿಟ್‌ಶೋ ಅವರ ನ್ಯಾನೋಲೂಪ್ ಇದೆ, ಸ್ವೀಡನ್ನಿನ ಯೊಹಾನ್ ಕೊಟ್ಲಿನ್‌ಸ್ಕಿ ಅವರ ಲಿಟಲ್ ಸೌಂಡ್ ಡಿಜೆ ಇದೆ. ನಾನು ಎರಡನೆಯದಕ್ಕೆ ಒಗ್ಗಿಕೊಂಡೆ. ಕಂಪ್ಯೂಟರಿನಿಂದ ಇದನ್ನು ಮತ್ತೆ ಮತ್ತೆ ಬರೆಯಬಹುದಾದ ಫ್ಲಾಶ್ ಕಾರ್ಟ್ರಿಜ್‌ಗೆ ತುಂಬಿ ಗೇಮ್‌ಬಾಯ್‌ಗೆ ಹಾಕುವುದು. ಬಹಳಷ್ಟು ಕಾರ್ಟ್ರಿಜ್‌ಗಳಲ್ಲಿ ಹಾಡು ಉಳಿಯುವುದು ಒಳಗಿನ ಬಟನ್ ಸೆಲ್ಲಿನ ದಯೆಯಿಂದ. ಸೆಲ್ ಸತ್ತರೆ ಹಾಡೂ ಹೋಯಿತು. ಆಗಾಗ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ.

ಇದರಲ್ಲಿ ಹಾಡಿನ ಸಣ್ಣ ತುಂಡಿಗೆ ಫ್ರೇಸ್ ಅಂತ ಹೆಸರು. ಒಂದು ಫ್ರೇಸಿಗೆ 16 ಮೆಟ್ಟಿಲು, 9 ಆದ ಮೇಲೆ ಎ, ಬಿ, ಸಿ ಅಂತ ಎಣಿಸುವ ಹೆಕ್ಸಾಡೆಸಿಮಲ್‌ನಲ್ಲಿ 0ಯಿಂದ ಎಫ್‌ವರೆಗೆ. ಆದಿತಾಳಕ್ಕೆ ಹೇಳಿ ಮಾಡಿಸಿದ ಹಾಗಿದೆ: ಎಂಟು ಅಕ್ಷರ, ಅಕ್ಷರಕ್ಕೆ ಎರಡು ಮೆಟ್ಟಿಲು. ಮಿಶ್ರಛಾಪು ತಾಳ ಏಳರದ್ದಲ್ವಾ, ಮೂರರ ತಕಿಟ, ನಾಲ್ಕರ ತಕದಿಮಿ, 14 ಮೆಟ್ಟಿಲು ಸಾಕು. ಅದಕ್ಕೆ ಹಾಪ್ ಅನ್ನುವ ಕಮಾಂಡ್ ಇದೆ. 'ಇ' ಮೆಟ್ಟಿಲಿನಲ್ಲಿ ಎಚ್00 ಬರೆದರೆ ಉಳಿದ ಎರಡನ್ನು ಬಿಟ್ಟು ಮುಂದಿನ ಫ್ರೇಸಿಗೆ ಜಿಗಿಯುತ್ತದೆ. ನಾಲ್ಕೂ ಚಾನೆಲ್ಲಿನ ಎಲ್ಲ ಫ್ರೇಸಿಗೂ ಹೀಗೆ ಬರೆಯಬೇಕು. ಒಂದರಲ್ಲಿ ಬಿಟ್ಟರೂ ಆ ಚಾನೆಲ್ ಉಳಿದವರಿಗಿಂತ ಹಿಂದೆ ಬಿದ್ದು ತಾಳವೆಲ್ಲ ಕಲಸುಮೇಲೋಗರ. ತಕಿಟದ 'ತ' 0ಯಲ್ಲಿ, ತಕದಿಮಿಯ 'ತ' 6ರಲ್ಲಿ. ಅಲ್ಲಿ ನಾಯ್ಸ್ ಚಾನೆಲ್ಲಿನಲ್ಲಿ ಪುಟ್ಟ ಏಟು ಇಟ್ಟರೆ ತಾಳದ ನಡೆ ಸ್ಪಷ್ಟವಾಗಿ ಕೂರುತ್ತದೆ. ಐದರ ಖಂಡಛಾಪು ಬೇಕಿದ್ದರೆ ಎಚ್00 'ಎ' ಮೆಟ್ಟಿಲಿಗೆ.

ನನ್ನನ್ನು ನಿಜವಾಗಿ ಕಾಡಿದ್ದು ಗಮಕ, ಅಂದರೆ ಸ್ವರವನ್ನು ತೂಗಿಸಿ ನುಡಿಸುವ ಬಗೆ. ತಾಳ ಲೆಕ್ಕ, ಯಂತ್ರಕ್ಕೆ ಲೆಕ್ಕ ಗೊತ್ತು. ಗಮಕ ಹಾಗಲ್ಲ. ತೋಡಿ ರಾಗದ ಗಾಂಧಾರವನ್ನು ಕೀಬೋರ್ಡಿನ ಕಪ್ಪು ಮನೆಯ ಹಾಗೆ ಸುಮ್ನೆ ಇಟ್ಟರೆ ಅದು ತೋಡಿಯೇ ಅಲ್ಲ. ಅದು ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗಬೇಕು. ವೈಬ್ರಾಟೋ ಕಮಾಂಡ್ ಇದೆ, 'ವಿ'. ಅದು ಮೇಲೆ ಕೆಳಗೆ ಒಂದೇ ಸಮ ಅಲ್ಲಾಡುತ್ತದೆ, ಕೇಳಲು ಆಂಬುಲೆನ್ಸ್. ತೋಡಿಗೆ ಬೇಕಾದ ಕಂಪಿತ ಅನ್ನುವ ಗಮಕದಲ್ಲಿ ದನಿ ಕೆಳಗೆ ಒಂದಿಷ್ಟು ನಿಲ್ಲುತ್ತದೆ, ಏರುತ್ತದೆ, ಮೇಲೆ ಮುಟ್ಟಿದ ಕೂಡಲೇ ಇಳಿಯುತ್ತದೆ.

ಕೆಲಸಕ್ಕೆ ಬಂದದ್ದು ಟೇಬಲ್. ಒಂದು ನೋಟು ನುಡಿಯುತ್ತಿರುವಾಗಲೇ ಅದರೊಳಗೆ ಓಡುವ 16 ಸಾಲಿನ ಪಟ್ಟಿ ಇದು. ನೋಟನ್ನು ನಾನು ರಿಷಭದಲ್ಲಿ ಹಾಕುತ್ತೇನೆ. ಮೊದಲ ಕೆಲವು ಸಾಲು ಖಾಲಿ, ದನಿ ಅಲ್ಲೇ ನಿಲ್ಲಲಿ. ಆಮೇಲೆ 'ಪಿ' ಕಮಾಂಡ್, ಶ್ರುತಿಯನ್ನು ಎಳೆದು ಏರಿಸುವುದಕ್ಕೆ. ಮಧ್ಯಮದ ಹತ್ತಿರ ಬಂತು ಅನ್ನಿಸಿದ ಸಾಲಿನಲ್ಲಿ ಇಳಿಸುವ 'ಪಿ', ಏರಿಸಿದ್ದಕ್ಕಿಂತ ಸ್ವಲ್ಪ ಜೋರಾಗಿ. ಕೆಳಗೆ ಬಂದ ಮೇಲೆ ಪಿ00, ಅಲ್ಲಿಗೆ ನಿಲ್ಲುತ್ತದೆ. ಕೊನೆಗೆ ಹಾಪ್ ಹಾಕಿ ಮತ್ತೆ ಮೊದಲಿನಿಂದ. ಟೇಬಲ್ ತುಂಬ ಬೇಗ ಓಡಿದರೆ ಅದಕ್ಕೇ ಬೇರೆ ಗ್ರೂವ್, ಅಂದರೆ ಓಟದ ವೇಗ, ಕೊಟ್ಟು ನಿಧಾನ ಮಾಡಬಹುದು. 'ಪಿ'ಗೆ ಯಾವ ಸಂಖ್ಯೆ ಕೊಡಬೇಕು ಅನ್ನುವುದಕ್ಕೆ ಸೂತ್ರ ಇಲ್ಲ. ಕಿವಿಯೇ ಗುರು. ಒಂದು ರಾಗಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ನಡೆಯುವುದೂ ಇಲ್ಲ. ಪಲ್ಸ್ ಅಲೆಯ ಅಗಲ 12.5 ಪರ್ಸೆಂಟಿಗೆ ಇಟ್ಟರೆ ದನಿಗೆ ಮೂಗಿನ ಗುಣ ಬಂದು ಗಮಕ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ವೀಣೆ ಕಲಿತ ನಮ್ಮ ಚಿಕ್ಕಮ್ಮನಿಗೆ ಕೇಳಿಸಿದೆ. "ಗಾಂಧಾರ ಪರವಾಗಿಲ್ಲ ಕಣೋ, ಆದರೆ ಪ್ರತಿ ಸಲ ಒಂದೇ ಥರ ತೂಗುತ್ತಲ್ಲ" ಅಂದರು. ಸರಿಯಾದ ಮಾತು. ಈಗ ಒಂದೇ ಸ್ವರಕ್ಕೆ ಬೇರೆಬೇರೆ ಟೇಬಲ್ ಮಾಡಿಟ್ಟು ಅದಲುಬದಲು ಹಾಕುತ್ತೇನೆ.

ವೇವ್ ಚಾನೆಲ್ ವಿಷಯದಲ್ಲಿ ಜಗಳ ಇದೆ. 32 ಬಿಂದುಗಳ ಪುಟ್ಟ ಅಲೆಯನ್ನು ಕೈಯಾರೆ ಬರೆದು ತಂಬೂರಿಯ ಹಾಗೆ ಷಡ್ಜ ಹಿಡಿಸಲು ಇದೇ ಒಳ್ಳೆಯದು. ಮೃದಂಗದ ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿದ ದನಿಯ ತುಣುಕು, ನುಡಿಯುವುದೂ ಇದರಲ್ಲೇ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ನಂ, ದಿಂ, ತೋಂಗಳನ್ನು ಕಿಟ್ ಅನ್ನುವ ಒಂದು ಕಟ್ಟು ಮಾಡಿ ತುಂಬಿದ್ದೇನೆ. ಒಂದು ಕಿಟ್ಟಿಗೆ ಸಿಗುವುದು 16 ಕಿಲೋಬೈಟ್, ಅಂದರೆ ಮೂರು ಸೆಕೆಂಡಿಗೂ ಕಮ್ಮಿ. 4 ಬಿಟ್ಟಿನ ದನಿ, ಒರಟು ಒರಟು. ತೋಂ ಮಾತ್ರ ಆ ಒರಟಿನಲ್ಲೂ ಗತ್ತಾಗಿ ಕೇಳುತ್ತದೆ. ಆದರೆ ಮೃದಂಗ ಬಿದ್ದಾಗಲೆಲ್ಲ ತಂಬೂರಿ ಬಾಯಿ ಮುಚ್ಚುತ್ತದೆ, ಚಾನೆಲ್ ಒಂದೇ ಅಲ್ವಾ.

ಹಾಗಾಗಿ ಇನ್ನೊಂದು ಗೇಮ್‌ಬಾಯ್ ತರಿಸಿದ್ದೇನೆ. ಲಿಂಕ್ ಕೇಬಲ್ ಹಾಕಿ ಎರಡನ್ನೂ ಹೊಂದಿಸಿದರೆ ಎರಡೂ ಒಂದೇ ಕಾಲದಲ್ಲಿ ಓಡುತ್ತವೆ. ಎರಡನೆಯದರ ವೇವ್ ಚಾನೆಲ್ ತಂಬೂರಿಗೆ. ಅದರ ಉಳಿದ ಮೂರು ಚಾನೆಲ್ ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.