ನರ್ಸರಿ ಫೀಸಿಗೆ ಸರ್ಕಾರದ ದುಡ್ಡು: ಇಂಗ್ಲೆಂಡಲ್ಲಿ ಕೆಲಸ ಮಾಡೋ ಅಪ್ಪ ಅಮ್ಮಂದಿರು ಏನ್ ಮಾಡ್ಬೇಕು

ಹೋದ ವರ್ಷ ಮಾರ್ಚ್ 19ಕ್ಕೆ ನಮ್ಮ ಮಗಳಿಗೆ 9 ತಿಂಗಳು ತುಂಬ್ತು. ಹೆರಿಗೆ ರಜೆ ಮುಗೀತಾ ಇತ್ತು, ನರ್ಸರಿಗೆ ಹೆಸರು ಬರೆಸಿದ್ವಿ, ಅಡ್ವಾನ್ಸೂ ಕಟ್ಟಿದ್ವಿ, ಸರ್ಕಾರದ್ದು ಫ್ರೀ ಅವರ್ಸ್ ಸಿಗತ್ತೆ ಅಂತ ಎಲ್ರೂ ಹೇಳಿದ್ರು, ಸರಿ ವೀಕೆಂಡಲ್ಲಿ ಕೂತ್ಕೊಂಡು ಅಪ್ಲೈ ಮಾಡಿದ್ರಾಯ್ತು ಅಂತ ಮುಂದೂಡ್ತಾ ಮುಂದೂಡ್ತಾ ಅಪ್ಲೈ ಮಾಡಿದ್ದು ಏಪ್ರಿಲ್ 2ಕ್ಕೆ. ಅರ್ಜಿ ಒಪ್ಪಿದೀವಿ ಅಂತ ನರ್ಸರಿಗೆ ತೋರ್ಸೋ ಕೋಡ್ ಬಂತು. ಖುಷಿಯಿಂದ ನರ್ಸರಿ ಮ್ಯಾನೇಜರ್‌ಗೆ ಕಳ್ಸಿದ್ರೆ ಅವ್ರು ವಾಪಸ್ ಬರೆದಿದ್ದು ಒಂದೇ ಸಾಲು, ಇದು ಸೆಪ್ಟೆಂಬರ್‌ನಿಂದ ನಡಿಯತ್ತೆ ಅಂತ. ಮಾರ್ಚ್ 31ರ ಗಡುವಿಗೆ ಎರಡು ದಿನ ತಡ ಆಗಿದ್ದಕ್ಕೆ ಐದು ತಿಂಗಳು ಪೂರ್ತಿ ಫೀಸು ನಮ್ಮ ಜೇಬಿಂದ. ಅದಕ್ಕೇ ಈ ಲೇಖನದಲ್ಲಿ ತಾರೀಖಿನ ವಿಷ್ಯಕ್ಕೆ ಜಾಸ್ತಿ ಜಾಗ ಕೊಟ್ಟಿದೀನಿ, ಬೇಜಾರು ಮಾಡ್ಕೋಬೇಡಿ.

ಸಿಗೋದು ಏನು

ಮುಖ್ಯವಾಗಿ ಎರಡು. ಒಂದು, ವಾರಕ್ಕೆ 30 ಗಂಟೆ ನರ್ಸರಿ ಅಥವಾ ಚೈಲ್ಡ್‌ಮೈಂಡರ್ (ತಮ್ಮ ಮನೇಲೇ ಮಕ್ಕಳನ್ನ ನೋಡ್ಕೊಳ್ಳೋರು) ಖರ್ಚು ಸರ್ಕಾರದ್ದು. ಮೊದ್ಲು ಇದು 3 ಮತ್ತು 4 ವರ್ಷದ ಮಕ್ಕಳಿಗೆ ಮಾತ್ರ ಇತ್ತು, 2024ರ ಏಪ್ರಿಲಲ್ಲಿ 2 ವರ್ಷದವ್ರಿಗೆ 15 ಗಂಟೆ ಶುರು ಮಾಡಿದ್ರು, ಅದೇ ಸೆಪ್ಟೆಂಬರಲ್ಲಿ 9 ತಿಂಗಳ ಕೂಸುಗಳಿಗೂ 15 ಗಂಟೆ, ಆಮೇಲೆ 2025ರ ಸೆಪ್ಟೆಂಬರಿಂದ 9 ತಿಂಗಳಿಂದ ಸ್ಕೂಲ್ ಸೇರೋ ತನಕ ಎಲ್ಲಾರಿಗೂ 30 ಗಂಟೆ ಆಯ್ತು. ಎಲ್ಲಾರಿಗೂ ಅಂದ್ರೆ ಅಪ್ಪ ಅಮ್ಮ ಇಬ್ರೂ ಕೆಲಸ ಮಾಡ್ತಿರೋ ಮನೆಗಳಿಗೆ, ಒಬ್ರೇ ಸಾಕ್ತಿದ್ರೆ ಆ ಒಬ್ರು ಕೆಲಸದಲ್ಲಿದ್ರೆ ಸಾಕು.

ಎರಡನೇದು ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್. ಹೆಸರಲ್ಲಿ ಟ್ಯಾಕ್ಸ್ ಇದ್ರೂ ನಿಮ್ಮ ಟ್ಯಾಕ್ಸಿಗೂ ಇದಕ್ಕೂ ನೇರ ಸಂಬಂಧ ಇಲ್ಲ, ಒಂದು ಆನ್‌ಲೈನ್ ಅಕೌಂಟ್ ಅಷ್ಟೇ. ಅದಕ್ಕೆ ನೀವು 8 ಪೌಂಡ್ ಹಾಕಿದ್ರೆ ಸರ್ಕಾರ 2 ಪೌಂಡ್ ಸೇರಿಸತ್ತೆ. ಒಂದು ಮಗುಗೆ ಮೂರು ತಿಂಗಳಿಗೆ ಹೆಚ್ಚಂದ್ರೆ 500 ಪೌಂಡ್, ವರ್ಷಕ್ಕೆ 2,000. ಅಂಗವೈಕಲ್ಯ ಇರೋ ಮಗುಗೆ ಇದರ ಡಬಲ್. ಇದು ನರ್ಸರಿಗೆ ಮುಗಿಯಲ್ಲ, ಮಗುಗೆ 11 ತುಂಬಿದ ಮೇಲೆ ಬರೋ ಸೆಪ್ಟೆಂಬರ್ 1ರ ತನಕ ಆಫ್ಟರ್ ಸ್ಕೂಲ್ ಕ್ಲಬ್ಬಿಗೂ ರಜೆ ಶಿಬಿರಕ್ಕೂ ಬಳಸ್ಬಹುದು, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. 30 ಗಂಟೆ ಮತ್ತು ಇದು ಎರಡನ್ನೂ ಒಟ್ಟಿಗೇ ತಗೋಬಹುದು, ಅರ್ಜಿನೂ ಒಂದೇ.

ಮೊದಲು ವೀಸಾ ನೋಡ್ಕೊಳ್ಳಿ

ನಮ್ಮ ಜನ ಹೆಚ್ಚಾಗಿ ಎಡವೋದು ಇಲ್ಲೇ. ನಿಮಗಾಗ್ಲಿ ನಿಮ್ಮ ಗಂಡ ಅಥವಾ ಹೆಂಡ್ತಿಗಾಗ್ಲಿ ಬ್ರಿಟಿಷ್ ಅಥವಾ ಐರಿಷ್ ಪೌರತ್ವ, ಸೆಟಲ್ಡ್ ಅಥವಾ ಪ್ರೀ ಸೆಟಲ್ಡ್ ಸ್ಟೇಟಸ್ (ಯುರೋಪಿನವ್ರಿಗೆ ಕೊಡೋ ವಾಸದ ಹಕ್ಕು), ಇಲ್ಲಾಂದ್ರೆ ಪಬ್ಲಿಕ್ ಫಂಡ್ಸ್ (ಸರ್ಕಾರದ ನೆರವಿನ ದುಡ್ಡು) ಪಡೆಯೋ ಅನುಮತಿ, ಇಷ್ಟರಲ್ಲಿ ಒಂದು ಇರ್ಬೇಕು. ಇಬ್ಬರಲ್ಲಿ ಒಬ್ಬರಿಗೆ ಇದ್ರೆ ಸಾಕು. ಆದ್ರೆ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದು ಇಬ್ಬರ ಇ-ವೀಸಾದಲ್ಲೂ ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್ ಅಂತ ಇದ್ರೆ ಮೇಲಿನ ಎರಡೂ ಸಿಗಲ್ಲ, ಎಷ್ಟೇ ಟ್ಯಾಕ್ಸ್ ಕಟ್ತಿದ್ರೂ ಅಷ್ಟೇ. ಇದು ನ್ಯಾಯವಾ ಅಂತ ಕೇಳಿದ್ರೆ ನನಗಂತೂ ಅಲ್ಲ ಅನ್ಸತ್ತೆ.

ಹಾಗಂತ ಕೈಚೆಲ್ಲಬೇಡಿ. 3 ಮತ್ತು 4 ವರ್ಷದ ಮಕ್ಕಳಿಗೆ ವಾರಕ್ಕೆ 15 ಗಂಟೆ ಅಂತ ಬೇರೆ ಒಂದಿದೆ, ಅದಕ್ಕೆ ವೀಸಾನೂ ಕೇಳಲ್ಲ, ಸಂಬಳನೂ ಕೇಳಲ್ಲ, ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಲಿ ಕೋಡ್ ತಗೊಳ್ಳೋದೂ ಬೇಡ. ಮಗುಗೆ 3 ತುಂಬಿದ ಮುಂದಿನ ಟರ್ಮಿಂದ (ಜನವರಿ, ಏಪ್ರಿಲ್, ಸೆಪ್ಟೆಂಬರಲ್ಲಿ ಶುರು ಆಗೋ ಶಾಲಾ ಅವಧಿ) ನೇರವಾಗಿ ನರ್ಸರಿಯವರನ್ನೇ ಕೇಳಿದ್ರೆ ಆಯ್ತು.

ಸಂಬಳದ ಲೆಕ್ಕ

ಅಪ್ಪ ಅಮ್ಮ ಇಬ್ರೂ ತಲಾ ಕನಿಷ್ಠ ವೇತನದಲ್ಲಿ ವಾರಕ್ಕೆ 16 ಗಂಟೆ ದುಡಿದ್ರೆ ಎಷ್ಟು ಬರತ್ತೋ ಅಷ್ಟಾದ್ರೂ ಸಂಪಾದಿಸ್ಬೇಕು. 21 ತುಂಬಿದವರಿಗೆ 2026ರ ಏಪ್ರಿಲ್‌ನಿಂದ ಗಂಟೆಗೆ 12.71 ಪೌಂಡ್, ಅಂದ್ರೆ ವಾರಕ್ಕೆ 203.36. ಪ್ರತಿ ಏಪ್ರಿಲ್‌ಗೆ ಈ ರೇಟು ಬದಲಾಗತ್ತೆ, ಪಾರ್ಟ್ ಟೈಮ್ ಮಾಡೋರು ಹೋದ ವರ್ಷ ಪಾಸಾದ್ವಿ ಅಂತ ಈ ವರ್ಷ ಸುಮ್ನೆ ಕೂರ್ಬೇಡಿ. ಪ್ರತಿ ವಾರನೂ ಅಷ್ಟೇ ಬರ್ಬೇಕು ಅಂತಿಲ್ಲ, ಮುಂದಿನ ಮೂರು ತಿಂಗಳ ಒಟ್ಟು ಲೆಕ್ಕ ನೋಡ್ತಾರೆ. ಸ್ವಂತ ಬಿಸಿನೆಸ್ ಶುರು ಮಾಡಿ ಇನ್ನೂ 12 ತಿಂಗಳು ಆಗಿಲ್ಲ ಅಂದ್ರೆ ಈ ಕನಿಷ್ಠ ಮಿತಿ ಇಲ್ಲ.

ಮೇಲಿನ ಮಿತಿ 1,00,000 ಪೌಂಡ್, ಇದು ಮಾತ್ರ ವಿಚಿತ್ರ. ಇಬ್ರ ಸಂಬಳ ಕೂಡಿಸಿ ನೋಡಲ್ಲ, ಒಬ್ಬೊಬ್ರದ್ದೇ ನೋಡ್ತಾರೆ. ಗಂಡ ಹೆಂಡ್ತಿ ಇಬ್ರೂ 99,000 ತಗೊಂಡ್ರೆ ಪೂರ್ತಿ ಸಿಗತ್ತೆ, ಒಬ್ರು 1,01,000 ತಗೊಂಡು ಇನ್ನೊಬ್ರು 20,000 ತಗೊಂಡ್ರೆ ಒಂದು ಪೆನ್ನಿನೂ ಇಲ್ಲ. ಹತ್ತಿರ ಹತ್ತಿರ ಇರೋರು ಬೋನಸ್ಸು, ಬ್ಯಾಂಕ್ ಬಡ್ಡಿ ಎಲ್ಲಾ ಸೇರ್ಸಿ ಲೆಕ್ಕ ಹಾಕಿ. ಪೆನ್ಷನ್ನಿಗೆ ಹೆಚ್ಚು ಹಾಕಿದ್ರೆ ಈ ಲೆಕ್ಕದ ಆದಾಯ ಕಮ್ಮಿ ಆಗತ್ತೆ, ನಮ್ಮ ಆಫೀಸಲ್ಲಿ ಮಕ್ಕಳಿರೋರು ಮಾರ್ಚ್ ಬಂತಂದ್ರೆ ಪೆನ್ಷನ್ ಬಗ್ಗೆ ಇದ್ದಕ್ಕಿದ್ದ ಹಾಗೆ ಮಾತಾಡೋಕೆ ಶುರು ಮಾಡೋದು ಇದಕ್ಕೇ.

ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಮ್ಮಿ ಇರೋರಿಗೆ ಸರ್ಕಾರ ಕೊಡೋ ಭತ್ಯೆ) ತಗೊಳ್ಳೋರು ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ತಗೊಳ್ಳೋ ಹಾಗಿಲ್ಲ, ಎರಡರಲ್ಲಿ ಒಂದೇ. ಯೂನಿವರ್ಸಲ್ ಕ್ರೆಡಿಟಲ್ಲಿ ಒಂದು ಮಿತಿಯೊಳಗೆ ಮಗು ನೋಡ್ಕೊಳ್ಳೋ ಖರ್ಚಿನ 85% ತನಕ ವಾಪಸ್ ಬರತ್ತೆ, ಹಾಗಾಗಿ ಸಂಬಳ ಕಮ್ಮಿ ಇರೋರಿಗೆ ಅದೇ ಲಾಭ ಇರ್ಬಹುದು. ಗವ್ ಡಾಟ್ ಯುಕೆಲಿ ಕ್ಯಾಲ್ಕುಲೇಟರ್ ಇದೆ, ಹಾಕಿ ನೋಡಿ. 30 ಗಂಟೆಗೆ ಈ ತಂಟೆ ಇಲ್ಲ.

ತಾರೀಖು, ತಾರೀಖು, ತಾರೀಖು

ಮಗುಗೆ 9 ತಿಂಗಳು ತುಂಬಿದ ಮಾರನೇ ದಿನದಿಂದ ಸಿಗಲ್ಲ, ಮುಂದಿನ ಟರ್ಮಿಂದ ಸಿಗತ್ತೆ. ಜನವರಿ 1ರಿಂದ ಮಾರ್ಚ್ 31ರೊಳಗೆ 9 ತಿಂಗಳು ತುಂಬಿದ್ರೆ ಏಪ್ರಿಲ್ ಟರ್ಮ್, ಏಪ್ರಿಲ್ 1ರಿಂದ ಆಗಸ್ಟ್ 31ರೊಳಗೆ ಆದ್ರೆ ಸೆಪ್ಟೆಂಬರ್, ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರೊಳಗೆ ಆದ್ರೆ ಜನವರಿ. ಮತ್ತೆ ಕೋಡ್ ಕೂಡ ಆ ಟರ್ಮ್ ಶುರು ಆಗೋ ಮುಂಚೆನೇ ಕೈಲಿರ್ಬೇಕು, ಮಾರ್ಚ್ 31, ಆಗಸ್ಟ್ 31, ಡಿಸೆಂಬರ್ 31, ಈ ಮೂರು ಗೆರೆ. ನಾವು ಬಿದ್ದಿದ್ದು ಮೊದಲನೇ ಗೆರೇಲಿ.

ಕೊನೇ ದಿನಕ್ಕೆ ಇಟ್ಕೋಬೇಡಿ. ಫಾರ್ಮ್ ತುಂಬೋಕೆ 20 ನಿಮಿಷ ಸಾಕು, ಆದ್ರೆ ಕೆಲವ್ರದ್ದು ಚೆಕ್ ಮಾಡ್ತೀವಿ ಅಂತ ಏಳು ದಿನ ಹಿಡಿಯತ್ತೆ. ಮಗುಗೆ 23 ವಾರ ಆದ್ಮೇಲೆ ಅಪ್ಲೈ ಮಾಡ್ಬಹುದು. ಟರ್ಮಿಗೆ ಒಂದೂವರೆ ಎರಡು ತಿಂಗಳು ಮುಂಚೆ ಕೂತ್ರೆ ನಿಶ್ಚಿಂತೆ. ಹೆರಿಗೆ ರಜೆಲಿ ಇರೋರು ಆ ಟರ್ಮಿನ ಮೊದಲ ತಿಂಗಳೊಳಗೆ ಕೆಲಸಕ್ಕೆ ವಾಪಸ್ ಹೋಗ್ತಿರ್ಬೇಕು, ಸೆಪ್ಟೆಂಬರ್ ಟರ್ಮ್ ಅಂದ್ರೆ ಸೆಪ್ಟೆಂಬರ್ 30ರೊಳಗೆ.

ಅರ್ಜಿ ಹಾಕೋದು

ಗವ್ ಡಾಟ್ ಯುಕೆಗೆ ಹೋಗಿ, ಇದನ್ನ ನೋಡ್ಕೊಳ್ಳೋದು ಟ್ಯಾಕ್ಸಿನವ್ರೇ, ಎಚ್‌ಎಂಆರ್‌ಸಿ. ಇಬ್ಬರ ನ್ಯಾಷನಲ್ ಇನ್ಶೂರೆನ್ಸ್ ನಂಬರ್ರು, ಮಗುವಿನ ಬರ್ತ್ ಸರ್ಟಿಫಿಕೇಟು, ಸ್ವಂತ ಕೆಲಸ ಇದ್ರೆ ಟ್ಯಾಕ್ಸ್ ರೆಫರೆನ್ಸ್ ನಂಬರ್ರು, ಇವಿಷ್ಟು ಪಕ್ಕದಲ್ಲಿ ಇಟ್ಕೊಳ್ಳಿ. ಯಾರ ಲಾಗಿನ್ನಲ್ಲಿ ಹಾಕ್ತೀರೋ ಅಕೌಂಟ್ ಅವ್ರದ್ದೇ ಆಗತ್ತೆ, ಮುಂದೆ ಎಲ್ಲಾ ಕೆಲಸನೂ ಅವ್ರೇ ಮಾಡ್ಬೇಕು, ಹಾಗಾಗಿ ಮನೇಲಿ ಯಾರು ಇಮೇಲ್ ಸರಿಯಾಗಿ ನೋಡ್ತಾರೋ ಅವ್ರ ಹೆಸರಲ್ಲಿ ಹಾಕಿ, ನಮ್ಮನೇಲಿ ಅದು ನಾನಲ್ಲ.

ಒಪ್ಪಿಗೆ ಆದ್ರೆ 11 ಅಂಕಿಯ ಕೋಡ್ ಬರತ್ತೆ. ಅದನ್ನ, ನಿಮ್ಮ ಇನ್ಶೂರೆನ್ಸ್ ನಂಬರ್ ಮತ್ತೆ ಮಗುವಿನ ಹುಟ್ಟಿದ ತಾರೀಖಿನ ಜೊತೆ ನರ್ಸರಿಗೆ ಕೊಡಿ. ಅವ್ರು ಅದನ್ನ ಚೆಕ್ ಮಾಡಿ ಸರಿ ಇದೆ ಅಂತ ಹೇಳೋ ತನಕ ಬಿಡ್ಬೇಡಿ. ಅಂದ ಹಾಗೆ ಕೋಡ್ ಇದ್ದ ಮಾತ್ರಕ್ಕೆ ಸೀಟು ಗ್ಯಾರಂಟಿ ಇಲ್ಲ, ಸೀಟು ಬೇರೆ ಹುಡುಕ್ಬೇಕು, ಅದೂ ಮುಂಚೆನೇ.

ಮೂರು ತಿಂಗಳಿಗೊಮ್ಮೆ ರೀಕನ್ಫರ್ಮ್

ಒಮ್ಮೆ ಅಪ್ಲೈ ಮಾಡಿದ್ರೆ ಮುಗೀತು ಅನ್ಕೊಂಡ್ರೆ ಕೆಟ್ರಿ. ಮೂರು ತಿಂಗಳಿಗೆ ಒಂದ್ಸಲ ಲಾಗಿನ್ ಆಗಿ ನಮ್ಮ ಪರಿಸ್ಥಿತಿ ಹಾಗೇ ಇದೆ ಅಂತ ಟಿಕ್ ಮಾಡ್ಬೇಕು, ಎರಡು ನಿಮಿಷದ ಕೆಲಸ. ಮಗು ನರ್ಸರಿ ಸೇರೋ ಮುಂಚೆನೂ ಈ ಗಡುವು ಬರ್ಬಹುದು, ಬೇಗ ಅಪ್ಲೈ ಮಾಡಿದವ್ರಿಗೆ ಇದೇ ಹೊಡೆತ, ಕೋಡ್ ಇದೆ ಅಂತ ಆರಾಮಾಗಿರ್ತಾರೆ, ಟರ್ಮ್ ಬರೋ ಹೊತ್ತಿಗೆ ಅದು ಸತ್ತಿರತ್ತೆ. ಆಗ್ಲೇ ಸೇರಿರೋ ಮಗು ಆದ್ರೆ ಸ್ವಲ್ಪ ದಿನ ಗ್ರೇಸ್ ಪೀರಿಯಡ್ ಕೊಡ್ತಾರೆ, ಹೊಸದಾಗಿ ಸೇರೋ ಮಗುಗೆ ಅದೂ ಇಲ್ಲ. ಇಮೇಲಲ್ಲಿ ನೆನಪಿಸ್ತಾರೆ ನಿಜ, ಆದ್ರೂ ಫೋನಲ್ಲಿ ನೀವೇ ರಿಮೈಂಡರ್ ಇಟ್ಕೊಳ್ಳಿ.

ಬಿಲ್ಲು ಬಂದಾಗ

30 ಗಂಟೆ ಅಂದ್ರೆ ವರ್ಷದಲ್ಲಿ 38 ವಾರಕ್ಕೆ ಮಾತ್ರ, ಒಟ್ಟು 1,140 ಗಂಟೆ. ಆಫೀಸಿಗೆ 38 ವಾರ ಹೋಗಿ ಬಾಕಿ ರಜೆ ಹಾಕೋಕಾಗತ್ತಾ? ಅದಕ್ಕೆ ತುಂಬಾ ನರ್ಸರಿಗಳು ಇದನ್ನ ಪೂರ್ತಿ ವರ್ಷಕ್ಕೆ ಹಂಚ್ತಾರೆ, 51 ವಾರಕ್ಕೆ ಹಂಚಿದ್ರೆ ವಾರಕ್ಕೆ 22 ಗಂಟೆ ಚಿಲ್ಲರೆ ಬರತ್ತೆ. ಬಿಲ್ಲು ನೋಡಿ 30 ಎಲ್ಲಿ ಹೋಯ್ತು ಅಂತ ಜಗಳಕ್ಕೆ ಹೋಗೋ ಮುಂಚೆ ಇದನ್ನ ಕೇಳಿ.

ಊಟ, ಡೈಪರ್, ಸನ್‌ಕ್ರೀಮ್, ಟ್ರಿಪ್ಪು ಇವು ಸರ್ಕಾರದ ದುಡ್ಡಲ್ಲಿ ಬರಲ್ಲ, ನರ್ಸರಿ ಚಾರ್ಜ್ ಮಾಡ್ಬಹುದು. ಆದ್ರೆ ಇದು ಕಟ್ಟಿದ್ರೇ ಫ್ರೀ ಅವರ್ಸ್ ಕೊಡ್ತೀವಿ ಅನ್ನೋ ಹಾಗಿಲ್ಲ, ಬಿಲ್ಲಲ್ಲೂ ಬಿಡಿಬಿಡಿಯಾಗಿ ತೋರಿಸ್ಬೇಕು. ನಮ್ಮ ಮೊದಲ ಬಿಲ್ಲಲ್ಲಿ ಎಲ್ಲಾ ಸೇರಿಸಿ ಎಕ್ಸ್‌ಟ್ರಾಸ್ ಅಂತ ಒಂದೇ ಸಾಲು ಇತ್ತು, ಬಿಡಿಸಿ ಕೊಡಿ ಅಂತ ಕೇಳಿದ್ಮೇಲೆ ನೋಡಿದ್ರೆ ನಾವೇ ಮನೆಯಿಂದ ಕಳಿಸ್ತಿದ್ದ ಡೈಪರ್‌ಗೂ ದುಡ್ಡು ಹಾಕಿದ್ರು.

ಉಳಿದ ಫೀಸನ್ನ ಟ್ಯಾಕ್ಸ್ ಫ್ರೀ ಅಕೌಂಟಿಂದ ಕಟ್ಟಿ. ಬಿಲ್ಲು 800 ಪೌಂಡ್ ಆದ್ರೆ ನೀವು ಬ್ಯಾಂಕಿಂದ 640 ಹಾಕಿ, ಸರ್ಕಾರ 160 ಸೇರಿಸತ್ತೆ, ಅಲ್ಲಿಂದ 800 ನರ್ಸರಿಗೆ ಕಳ್ಸಿ. ಕಳಿಸುವಾಗ ಮಗುವಿನ ರೆಫರೆನ್ಸ್ ನಂಬರ್ ಸರಿಯಾಗಿ ಹಾಕಿ, ಮತ್ತೆ ಬಿಲ್ಲಿನ ಕೊನೇ ದಿನಕ್ಕಿಂತ ಮೂರ್ನಾಲ್ಕು ದಿನ ಮುಂಚೆ ಹಾಕಿ, ದುಡ್ಡು ಅಲ್ಲಿಗೆ ತಲುಪೋಕೆ ಟೈಮ್ ಬೇಕು. ಮೂರು ತಿಂಗಳ 500 ಬಳಸ್ದೆ ಉಳಿದ್ರೆ ಮುಂದಿನ ಮೂರು ತಿಂಗಳಿಗೆ ಸೇರಲ್ಲ.

ತುಂಬಾ ಜನ ಕೇಳೋದು, ಅಮ್ಮ ಊರಿಂದ ಬಂದು ಮಗು ನೋಡ್ಕೊಳ್ತಾರೆ, ಅವ್ರಿಗೆ ಈ ದುಡ್ಡು ಕೊಡ್ಬಹುದಾ ಅಂತ. ಆಗಲ್ಲ. ದುಡ್ಡು ಹೋಗೋದು ನೋಂದಣಿ ಆಗಿರೋ ನರ್ಸರಿ, ಚೈಲ್ಡ್‌ಮೈಂಡರ್, ನ್ಯಾನಿ, ಕ್ಲಬ್ಬುಗಳಿಗೆ ಮಾತ್ರ, ಇಂಗ್ಲೆಂಡಲ್ಲಿ ಆಫ್‌ಸ್ಟೆಡ್ (ಶಾಲೆ, ನರ್ಸರಿಗಳ ತಪಾಸಣೆ ಮಾಡೋ ಸರ್ಕಾರಿ ಸಂಸ್ಥೆ) ನೋಂದಣಿ ಇದ್ಯಾ ಅಂತ ಕೇಳಿ.

ಇಷ್ಟೂ ಇಂಗ್ಲೆಂಡಿನ ಮಾತು. ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಮಾತ್ರ ಇಡೀ ಯುಕೆಗೆ ಒಂದೇ. ಸ್ಕಾಟ್ಲೆಂಡಲ್ಲಿ 3 ಮತ್ತು 4 ವರ್ಷದ ಎಲ್ಲಾ ಮಕ್ಕಳಿಗೂ ಅಪ್ಪ ಅಮ್ಮನ ಕೆಲಸ ಕೇಳ್ದೆ ವರ್ಷಕ್ಕೆ 1,140 ಗಂಟೆ ಕೊಡ್ತಾರೆ, ವೇಲ್ಸಲ್ಲಿ ಕೆಲಸ ಮಾಡೋರ 3 ಮತ್ತು 4 ವರ್ಷದ ಮಕ್ಕಳಿಗೆ 30 ಗಂಟೆ, ಅದೂ 48 ವಾರ. ವೇಲ್ಸಿನ ಕಾರ್ಡಿಫಿಗೆ ಶಿಫ್ಟ್ ಆಗ್ತಿರೋರು ಇಲ್ಲಿನ ಕೋಡ್ ಅಲ್ಲಿ ನಡಿಯತ್ತೆ ಅನ್ಕೋಬೇಡಿ, ಅಲ್ಲಿನ ಅರ್ಜಿ ಬೇರೆನೇ ಹಾಕ್ಬೇಕು.