ಗ್ರಿಡ್‌ಗೆ ಲಿಥಿಯಂ ಬೇಕಾ, ಫ್ಲೋ ಬ್ಯಾಟರಿ ಬೇಕಾ? ಮೊದಲು ಗಂಟೆ ಲೆಕ್ಕ ಹಾಕಿ

ಬ್ಯಾಟರಿ ಆರಿಸಲು ಹೊರಟವರು ಸಾಮಾನ್ಯವಾಗಿ ಬೆಲೆಯಿಂದ ಶುರು ಮಾಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಒಂದು ಹಾಳೆ ತೆಗೆದುಕೊಂಡು, ದಿನದ 24 ಗಂಟೆಯಲ್ಲಿ ಸೋಲಾರ್ ಅಥವಾ ಗಾಳಿಯಿಂದ ಯಾವಾಗ ಎಷ್ಟು ಕರೆಂಟ್ ಬರುತ್ತದೆ, ಯಾವಾಗ ಎಷ್ಟು ಬೇಕಾಗುತ್ತದೆ ಅಂತ ಗಂಟೆಗೊಂದು ಸಾಲಿನಂತೆ ಬರೆಯಿರಿ. ಸಾಲದೆ ಬರುವ ಹೊತ್ತು ಎಷ್ಟು ಉದ್ದ ಇದೆ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಂಜೆಯ ಎರಡು ಮೂರು ಗಂಟೆ ದಾಟಿದರೆ ಸಾಕು ಅಂದರೆ ಲಿಥಿಯಂ ಹಾಕಿ, ಜಾಸ್ತಿ ಯೋಚನೆ ಬೇಡ. 2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ ಶುರುವಾದ ಲಿಥಿಯಂ ಘಟಕ ಆಗ ಒಮ್ಮೆಗೆ 100 ಮೆಗಾವ್ಯಾಟ್ ಕೊಡುತ್ತಿತ್ತು, ಒಟ್ಟು 129 ಮೆಗಾವ್ಯಾಟ್-ಗಂಟೆ ಹಿಡಿಯುತ್ತಿತ್ತು. ಪೂರ್ತಿ ಜೋರಿನಲ್ಲಿ ಓಡಿಸಿದರೆ ಒಂದೂಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ ಖಾಲಿಯಾಗುತ್ತಿತ್ತು. ಆದರೂ ಗ್ರಿಡ್‌ನ ಫ್ರೀಕ್ವೆನ್ಸಿ (ಬೇಡಿಕೆಗೆ ಕರೆಂಟ್ ಸಾಲದಿದ್ದಾಗ ಇಳಿಯುವ ಲಯ) ಕುಸಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ತಳ್ಳಿ ಹೆಸರು ಮಾಡಿತು.

ರಾತ್ರಿಯಿಡೀ ಎಂಟು ಹತ್ತು ಗಂಟೆ ಬೇಕು ಅಂದರೆ ಫ್ಲೋ ಬ್ಯಾಟರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಾಕೆ ಅಂತ ತಿಳಿಯಲು ಅದರ ಒಳಗೆ ನೋಡಬೇಕು. ಎರಡು ದೊಡ್ಡ ಟ್ಯಾಂಕ್, ಎರಡರಲ್ಲೂ ವನೇಡಿಯಂ ಅನ್ನುವ ಲೋಹ ಕರಗಿಸಿದ ಆಮ್ಲ, ನಡುವೆ ತೆಳು ಪೊರೆಗಳಿರುವ ಸ್ಟ್ಯಾಕ್ (ಕರೆಂಟ್ ಹುಟ್ಟುವ ಸೆಲ್‌ಗಳ ಸಾಲು), ಆಮ್ಲವನ್ನು ಸುತ್ತಿಸಲು ಪಂಪು. ಚಾರ್ಜ್ ಆದಾಗ ಒಂದು ಕಡೆಯದು ಹಳದಿ, ಇನ್ನೊಂದು ಕಡೆಯದು ನೇರಳೆ. ಖಾಲಿಯಾದಾಗ ಹಳದಿ ನೀಲಿಯಾಗುತ್ತದೆ, ನೇರಳೆ ಹಸಿರಾಗುತ್ತದೆ. ನೋಡೋಕೇ ಚಂದ! ಎರಡೂ ಕಡೆ ಒಂದೇ ಲೋಹ ಇರುವುದರಿಂದ ಪೊರೆ ದಾಟಿ ಸ್ವಲ್ಪ ಬೆರೆತರೂ ದ್ರವ ಹಾಳಾಗುವುದಿಲ್ಲ, ಮತ್ತೆ ಸಮ ಮಾಡಿಕೊಳ್ಳಬಹುದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರಿಯಾ ಸ್ಕಿಲ್ಲಾಸ್-ಕಜಾಕೋಸ್ ಮತ್ತು ಅವರ ತಂಡ ಇದನ್ನು ಬೆಳೆಸಿದ್ದು.

ಇಲ್ಲಿ ಒಮ್ಮೆಗೆ ಎಷ್ಟು ಕರೆಂಟ್ ಅನ್ನುವುದು ಸ್ಟ್ಯಾಕ್‌ನ ಕೈಲಿ, ಎಷ್ಟು ಗಂಟೆ ಅನ್ನುವುದು ಟ್ಯಾಂಕ್‌ನ ಕೈಲಿ. 10 ಮೆಗಾವ್ಯಾಟನ್ನು ನಾಲ್ಕರ ಬದಲು ಎಂಟು ಗಂಟೆ ಕೊಡಬೇಕಾದರೆ ಲಿಥಿಯಂನಲ್ಲಿ ಸೆಲ್‌ಗಳೆಲ್ಲ ಎರಡರಷ್ಟು ಬೇಕು, ಫ್ಲೋನಲ್ಲಿ ಸ್ಟ್ಯಾಕ್ ಅಷ್ಟೇ ಇಟ್ಟು ದ್ರವ ಮತ್ತು ಟ್ಯಾಂಕ್ ಹೆಚ್ಚಿಸಿದರೆ ಆಯಿತು. ಆದರೆ ವನೇಡಿಯಂ ಅಗ್ಗವಲ್ಲ, ಜಾಗವೂ ಜಾಸ್ತಿ ಬೇಕು, ಅದನ್ನು ಮರೆಯಬೇಡಿ.

ಆಮೇಲೆ ನಷ್ಟದ ಲೆಕ್ಕ. 100 ಯೂನಿಟ್ ತುಂಬಿದರೆ ಲಿಥಿಯಂ ಸುಮಾರು 85ರಿಂದ 90 ವಾಪಸ್ ಕೊಡುತ್ತದೆ. ವನೇಡಿಯಂ ಫ್ಲೋ ಕೊಡುವುದು 70ರ ಆಸುಪಾಸು, ಪಂಪಿಗೂ ಕರೆಂಟ್ ಬೇಕಲ್ವಾ. ಮಧ್ಯಾಹ್ನ ಸುಮ್ನೆ ಪೋಲಾಗುವ ಸೋಲಾರ್ ತುಂಬುತ್ತಿದ್ದರೆ ಇದು ಅಷ್ಟು ಕಾಡುವುದಿಲ್ಲ, ಆದರೆ ದುಡ್ಡು ಕೊಟ್ಟು ಕೊಂಡ ಕರೆಂಟ್ ತುಂಬುವುದಾದರೆ ದಿನಾ ಚುಚ್ಚುತ್ತದೆ.

ಲಿಥಿಯಂ ಪ್ರತಿ ಚಾರ್ಜ್‌ಗೂ ಚೂರು ಚೂರು ಸವೆಯುತ್ತದೆ. ಹತ್ತನೇ ವರ್ಷದಲ್ಲಿ ಎಷ್ಟು ಉಳಿದಿರುತ್ತದೆ ಅಂತ ಮಾರುವವರನ್ನು ಬರವಣಿಗೆಯಲ್ಲಿ ಕೇಳಿ. ಫ್ಲೋನಲ್ಲಿ ದ್ರವ ಸವೆಯುವುದಿಲ್ಲ, ಆದರೆ ಪೊರೆ, ಪಂಪು, ಸೀಲು ಸವೆಯುತ್ತವೆ, ಆ ಖರ್ಚು ಕೇಳಿ. ಬೆಲೆ, ರಿಪೇರಿ, ನಷ್ಟವಾದ ಕರೆಂಟ್ ಮೂರನ್ನೂ ಕೂಡಿಸಿ, ಆಯಸ್ಸಿಡೀ ಹೊರಗೆ ಕೊಡುವ ಯೂನಿಟ್‌ಗಳಿಂದ ಭಾಗಿಸಿ. ಹೋಲಿಸಬೇಕಾದ್ದು ಈ ಬೆಲೆಯನ್ನು.

ಬೆಂಕಿಯ ವಿಷಯದಲ್ಲಿ ರಾಜಿ ಬೇಡ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನ ಲಿಥಿಯಂ ಘಟಕಕ್ಕೆ ಬೆಂಕಿ ಬಿದ್ದು ಸುತ್ತಲಿನವರು ಮನೆ ಬಿಡಬೇಕಾಯಿತು. ಲಿಥಿಯಂ ಬ್ಯಾಟರಿ ತುಂಬಿದ ಕಂಟೇನರ್‌ಗಳ ನಡುವೆ ಅಂತರ ಬಿಡಿ. ಫ್ಲೋನ ದ್ರವ ನೀರು ಬೆರೆತದ್ದು, ಹತ್ತಿ ಉರಿಯುವುದಿಲ್ಲ. ಆದರೆ ಅದು ಗಂಧಕಾಮ್ಲ, ಟ್ಯಾಂಕ್ ಒಡೆದರೆ ಪೂರ್ತಿ ಹಿಡಿಯುವಷ್ಟು ಎತ್ತರದ ಕಟ್ಟೆ ಸುತ್ತಲೂ ಇರಲೇಬೇಕು. ದ್ರವದ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಳದಿ ಕಡೆಯ ವನೇಡಿಯಂ ಗಟ್ಟಿಯಾಗಿ ಕೆಳಗೆ ಕೂರುವ ಅಪಾಯ ಇದೆ. ಹಾಗಾಗಿ ಕೊಟೇಶನ್‌ನಲ್ಲಿ ತಂಪು ಮಾಡುವ ವ್ಯವಸ್ಥೆಯ ಖರ್ಚು ಸೇರಿದೆಯಾ ಅಂತ ನೋಡಿಯೇ ಸಹಿ ಹಾಕಿ.